ಮೂರು ಸೆಕೆಂಡಿನ ಸಾಲು

ಮಾರ್ಚ್ 3, ಸೋಮವಾರ

ಇಂದು ಮಾರ್ಚ್ ಮೂರು. ಈ ದಿನಚರಿಯ ಉದ್ದೇಶ ಒಂದೇ: ನಾಳೆ ಆರಂಭವಾಗುವ ಸಂದರ್ಶನದ ಐದು ಸುತ್ತುಗಳನ್ನು, ಕೇಳಿದ ಪ್ರಶ್ನೆ, ಕೊಟ್ಟ ಉತ್ತರ, ತೆಗೆದುಕೊಂಡ ಸಮಯ ಸಮೇತ ದಾಖಲಿಸುವುದು. ಇದುವರೆಗೆ ಮೂರು ಸಂಸ್ಥೆಗಳು ನನ್ನನ್ನು ಕೊನೆಯ ಸುತ್ತಿನವರೆಗೆ ಕರೆದೊಯ್ದು, ಅನಂತರ ಎರಡು ಸಾಲಿನ ಪತ್ರದಲ್ಲಿ ನಿರಾಕರಿಸಿವೆ. ಯಾವ ಸಂಸ್ಥೆಯೂ ಕಾರಣ ತಿಳಿಸಲಿಲ್ಲ. ನಾಲ್ಕನೆಯ ಸಲವೂ ಹಾಗಾದರೆ ಕಾರಣವನ್ನು ಈ ಪುಟಗಳಿಂದ ನಾನೇ ಹುಡುಕಿ ತೆಗೆಯುತ್ತೇನೆ. ಕಾರಣ ಕೊಡದೆ ‘ಇಲ್ಲ’ ಎನ್ನುವುದನ್ನು ನಾನು ಸೋಮಾರಿತನವೆಂದೇ ಭಾವಿಸುತ್ತೇನೆ.

ದಾಖಲೆಗಾಗಿ ಇನ್ನೊಂದು ವಿಷಯ. ಕಾಲೇಜಿನ ನಾಲ್ಕು ವರ್ಷವೂ ತರಗತಿಗೆ ಮೊದಲನೆಯವಳು ನಾನು. ಎರಡನೆಯ ಸ್ಥಾನದವಳಿಗೂ ನನಗೂ ನಲವತ್ತೊಂದು ಅಂಕಗಳ ಅಂತರವಿತ್ತು. ಆಕೆ ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು.

ಅಮ್ಮ ದಂತವೈದ್ಯರ ಚಿಕಿತ್ಸಾಲಯದ ಮುಂಭಾಗದ ಮೇಜಿನಲ್ಲಿ ಕುಳಿತು ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸದಲ್ಲಿದ್ದಾಳೆ. ಹಲ್ಲು ನೋವಿನಿಂದ ಬಾಯಿ ತೆರೆಯಲಾರದವರೂ ‘ಮಗಳಿಗೆ ಕೆಲಸ ಆಯ್ತಾ?’ ಎಂದು ಕೇಳುವಷ್ಟು ಮಾತ್ರ ತೆರೆಯುತ್ತಾರಂತೆ. ‘ಯಾವುದಕ್ಕೆ ಹೋಗ್ಲಿ ಅಂತ ಅವಳೇ ನೋಡ್ತಿದ್ದಾಳೆ’ ಎಂದು ಅಮ್ಮ ಉತ್ತರಿಸುತ್ತಾಳೆ. ನಿರಾಕರಣೆಗಳು ಎರಡು ಎಂದೇ ಆಕೆ ತಿಳಿದಿದ್ದಾಳೆ. ಮೂರನೆಯದನ್ನು ನಾನು ಹೇಳಿಲ್ಲ.

ಮಾರ್ಚ್ 4, ಮಂಗಳವಾರ

ಮೊದಲ ಸುತ್ತು: ಮನೆಯಿಂದಲೇ ಕಂಪ್ಯೂಟರಿನಲ್ಲಿ ಪರೀಕ್ಷೆ. ಮೂರು ಸಮಸ್ಯೆ, ತೊಂಬತ್ತು ನಿಮಿಷ. ಐವತ್ತೆರಡು ನಿಮಿಷಗಳಲ್ಲಿ ಮುಗಿಸಿದೆ. ಮೂರನೆಯ ಸಮಸ್ಯೆಯ ಹೇಳಿಕೆಯಲ್ಲಿಯೇ ಒಂದು ದೋಷವಿತ್ತು. ಅದನ್ನೂ ಉತ್ತರದ ಕೆಳಗೆ ಸೂಚಿಸಿದೆ.

ಪರೀಕ್ಷೆ ನಡೆಯುವಾಗ ಸದ್ದು ಮಾಡಬಾರದೆಂದು ಅಜ್ಜಿಗೆ ಹೇಳಿದ್ದೆ. ಆಕೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ವೈರು ಚುಚ್ಚಿ, ಊರಿನವರಿಗೆಲ್ಲ ಮಾತು ಜೋಡಿಸಿಕೊಟ್ಟವಳು. ಮೌನ ಅವಳಿಗೆ ಒಗ್ಗುವುದಿಲ್ಲ. ಮುಗಿದ ಕೂಡಲೆ ಬಾಗಿಲು ತಳ್ಳಿಕೊಂಡು ಬಂದಳು.

‘ಮುಗೀತಾ ಮಹಾರಾಣಿ? ಕೆಮ್ಮಬಹುದಾ ಈಗ?’

‘ಮುಗೀತು ಅಜ್ಜಿ. ಮೂವತ್ತೆಂಟು ನಿಮಿಷ ಮೊದಲೇ.’

‘ಉಳಿದಿದ್ದನ್ನ ಏನು ಮಾಡಿದೆ? ಡಬ್ಬಿಗೆ ಹಾಕಿಟ್ಯಾ?’

ಮಾರ್ಚ್ 7, ಶುಕ್ರವಾರ

ಎರಡನೆಯ ಸುತ್ತು: ದೂರವಾಣಿಯಲ್ಲಿ ನಲವತ್ತು ನಿಮಿಷ. ಮಾತನಾಡಿದವರು ಅಲ್ಲಿನ ಹಿರಿಯ ಪ್ರೋಗ್ರಾಮರ್. ನಿಧಾನವಾದ, ನಿದ್ದೆಗಣ್ಣಿನಂಥ ಧ್ವನಿ. ಹನ್ನೊಂದು ಪ್ರಶ್ನೆಗಳಲ್ಲಿ ಹತ್ತಕ್ಕೆ ಪೂರ್ಣ ಉತ್ತರ ಕೊಟ್ಟೆ. ಹನ್ನೊಂದನೆಯದು ಹೀಗಿತ್ತು:

‘ನಿಮಗೆ ಗೊತ್ತಿಲ್ಲದ್ದು ಯಾವುದಾದ್ರೂ ಒಂದು ಹೇಳಿ.’

‘ಈ ಪ್ರಶ್ನೆಗೆ ಎಷ್ಟು ಅಂಕ ಅನ್ನೋದು’ ಎಂದೆ.

ಅವರು ಸುಮಾರು ಹೊತ್ತು ನಕ್ಕರು. ಆ ನಗೆ ನನ್ನ ಪರವಾಗಿತ್ತೇ ಎಂಬುದು ನಿರ್ಧಾರವಾಗಿಲ್ಲ.

ಮಾರ್ಚ್ 10, ಸೋಮವಾರ

ಮೂರನೆಯ ಸುತ್ತು ಆರಂಭ. ಈ ಸಂಸ್ಥೆ ದೊಡ್ಡ ಲಾಂಡ್ರಿಗಳಿಗೆ, ಗೋದಾಮುಗಳಿಗೆ ಪ್ರೋಗ್ರಾಮು ಬರೆದುಕೊಡುತ್ತದೆ. ಒಂದು ಲಾಂಡ್ರಿಯಲ್ಲಿ ಬಳಕೆಯಲ್ಲಿರುವ ಹಳೆಯ ಪ್ರೋಗ್ರಾಮಿನ ಒಂದು ಭಾಗವನ್ನು ಕಳುಹಿಸಿ, ‘ಇದನ್ನು ಉತ್ತಮಗೊಳಿಸಿ, ಎರಡು ದಿನಗಳ ಕಾಲಾವಕಾಶವಿದೆ’ ಎಂದಿದ್ದಾರೆ.

ಕೆಲಸ ಸರಳವಾದದ್ದು. ಆಸ್ಪತ್ರೆಗಳಿಂದ ಬಂದ ಬೆಡ್‌ಶೀಟುಗಳನ್ನು ಒಗೆದು, ಮಡಚಿ, ಇಪ್ಪತ್ತರ ಗಂಟು ಕಟ್ಟುತ್ತಾರೆ. ಒಂದೊಂದೇ ಎಣಿಸುವ ಬದಲು ಗಂಟನ್ನು ತೂಗುತ್ತಾರೆ. ಒಂಬತ್ತು ಕಿಲೋ ನಾನೂರು ಗ್ರಾಂ ಬಂದರೆ ಎಣಿಕೆ ಸರಿ. ಹೆಚ್ಚುಕಡಿಮೆಯಾದರೆ ಯಂತ್ರ ಒಂದು ಚೀಟಿ ಮುದ್ರಿಸುತ್ತದೆ. ಗಂಟು ಬಿಚ್ಚಿ ಮರು ಎಣಿಕೆ ಮಾಡಬೇಕು.

ಬರೆದವನ ಶೈಲಿ ಅಚ್ಚುಕಟ್ಟಾಗಿಲ್ಲ. ಎಲ್ಲಕ್ಕಿಂತ ವಿಚಿತ್ರವಾದದ್ದು ನೂರ ಹನ್ನೆರಡನೆಯ ಸಾಲು. ತೂಕ ಓದುವುದಕ್ಕೆ ಮುನ್ನ ಪ್ರೋಗ್ರಾಮು ಮೂರು ಸೆಕೆಂಡು ಸುಮ್ಮನೆ ನಿಲ್ಲುತ್ತದೆ. ಪಕ್ಕದಲ್ಲಿ ಟಿಪ್ಪಣಿ ಒಂದೇ ಪದ: ‘ತೆಗೆಯಬೇಡಿ.’

ಏಕೆ ತೆಗೆಯಬಾರದೆಂದು ಎಲ್ಲಿಯೂ ಬರೆದಿಲ್ಲ. ಕಾರಣವಿಲ್ಲದ ಆಜ್ಞೆಯನ್ನು ಪಾಲಿಸುವ ಅಭ್ಯಾಸ ನನಗಿಲ್ಲ. ದಿನಕ್ಕೆ ಸಾವಿರ ಗಂಟು, ಗಂಟಿಗೆ ಮೂರು ಸೆಕೆಂಡು: ದಿನವೊಂದಕ್ಕೆ ಐವತ್ತು ನಿಮಿಷ ಪೋಲು. ಸಾಲನ್ನೂ ಟಿಪ್ಪಣಿಯನ್ನೂ ಒಟ್ಟಿಗೇ ತೆಗೆದೆ.

ಮಾರ್ಚ್ 12, ಬುಧವಾರ

ಕಳುಹಿಸಿದೆ. ಮುನ್ನೂರು ಸಾಲುಗಳಿದ್ದದ್ದು ನೂರ ನಲವತ್ತಕ್ಕೆ ಇಳಿದಿದೆ. ಇದುವರೆಗಿನ ನನ್ನ ಬರವಣಿಗೆಯಲ್ಲಿ ಇದೇ ಅತ್ಯಂತ ಸ್ವಚ್ಛವಾದದ್ದು.

ಮಾರ್ಚ್ 17, ಸೋಮವಾರ

ನಾಲ್ಕನೆಯ ಸುತ್ತಿಗೆ ಕರೆ ಬಂದಿದೆ. ಅಭ್ಯರ್ಥಿ ತನ್ನ ಪ್ರೋಗ್ರಾಮನ್ನು ಆ ಲಾಂಡ್ರಿಗೇ ಒಯ್ದು, ಪ್ರಯೋಗಕ್ಕೆಂದು ಇಟ್ಟಿರುವ ಕಂಪ್ಯೂಟರಿನಲ್ಲಿ ಅರ್ಧ ದಿನ ಓಡಿಸಬೇಕು. ತೂಗುವವರ ಪಕ್ಕದಲ್ಲಿ ನಿಂತಿರಬೇಕು. ಇಂಥ ಸುತ್ತು ಬೇರೆ ಎಲ್ಲಿಯೂ ಇರಲಿಲ್ಲ. ಯಾವ ಪುಸ್ತಕದಿಂದ ತಯಾರಿ ಮಾಡಿಕೊಳ್ಳಬೇಕೆಂದು ತಿಳಿಯುತ್ತಿಲ್ಲ.

ಅಜ್ಜಿಯ ಸಲಹೆ: ‘ಒಳ್ಳೆ ಚಪ್ಪಲಿ ಹಾಕ್ಕೊಂಡು ಹೋಗು.’

ಮಾರ್ಚ್ 19, ಬುಧವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಲಾಂಡ್ರಿಯ ಕಟ್ಟಡ ಎರಡು ಭಾಗವಾಗಿದೆ: ಒಂದು ಕಡೆ ಒಗೆಯುವ ದೊಡ್ಡ ಪೀಪಾಯಿಗಳು, ಸದಾ ನೀರು ಹರಿಯುವ ನೆಲ. ಇದಕ್ಕೆ ‘ಒದ್ದೆ ಕಡೆ’ ಎನ್ನುತ್ತಾರೆ. ಇನ್ನೊಂದು ‘ಒಣ ಕಡೆ’. ಅಲ್ಲಿ ಇಸ್ತ್ರಿ, ಮಡಚುವಿಕೆ, ತೂಕ. ಹಬೆಯಿಂದ ನನ್ನ ಕನ್ನಡಕ ಮಂಜಾಯಿತು. ಹಿರಿಯ ಪ್ರೋಗ್ರಾಮರ್ ಬಾಗಿಲಲ್ಲಿ ನಿಂತಿದ್ದರು, ಧ್ವನಿಯಿಂದ ಗುರುತಿಸಿದೆ. ನನ್ನನ್ನು ತೂಗುವ ಹೆಂಗಸಿನ ಬಳಿ ನಿಲ್ಲಿಸಿ, ತಾವು ಒಂದು ಮುರುಕು ಸ್ಟೂಲಿನ ಮೇಲೆ ಕುಳಿತರು.

ತೂಗುವ ಹೆಂಗಸಿಗೆ ಐವತ್ತರ ಮೇಲಾಗಿದೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿಯೇ ಇದ್ದಾಳಂತೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ಏನಮ್ಮ, ಈ ಸಲ ನಿನ್ನ ಸರದಿಯಾ?’ ಎಂದಳು.

‘ಮುಂಚೆ ಬೇರೆಯವರು ಬಂದಿದ್ರಾ?’

‘ಆರು ಜನ. ಒಬ್ಬನಂತೂ ಶಾಖಕ್ಕೆ ತಲೆ ತಿರುಗಿ ಬಿದ್ದ. ಅವನನ್ನೂ ತೂಗಿಬಿಟ್ವಿ. ಇಪ್ಪತ್ತು ಶೀಟಿಗಿಂತ ಜಾಸ್ತಿನೇ ಇದ್ದ.’

ನನ್ನ ಪ್ರೋಗ್ರಾಮನ್ನು ಆರಂಭಿಸಿದೆ. ಮೊದಲ ಗಂಟನ್ನು ಆಕೆ ಮೇಲೆತ್ತಿ ಕೊಕ್ಕೆಗೆ ಸಿಕ್ಕಿಸಿದಳು. ತಕ್ಕಡಿ ನೆಲದ ಮೇಲಿರುತ್ತದೆಂದು ನಾನು ಭಾವಿಸಿದ್ದೆ. ಅಲ್ಲಿದ್ದದ್ದು ಮೇಲಿನಿಂದ ಇಳಿಬಿಟ್ಟ ಕೊಕ್ಕೆ. ಗಂಟು ತೂಗಾಡಿತು. ಪರದೆಯ ಮೇಲೆ ಅಂಕಿ ಕುಣಿಯಿತು. ನನ್ನ ಪ್ರೋಗ್ರಾಮು ಆ ಕುಣಿತದ ನಡುವೆಯೇ ಒಂದು ಅಂಕಿಯನ್ನು ಹಿಡಿದು, ‘ತಪ್ಪು’ ಎಂದು ತೀರ್ಮಾನಿಸಿ ಚೀಟಿ ಮುದ್ರಿಸಿತು.

ಅರ್ಧ ಗಂಟೆಯಲ್ಲಿ ಹನ್ನೊಂದು ಚೀಟಿಗಳು. ಬಿಚ್ಚಿ ಎಣಿಸಿದರೆ ಪ್ರತಿ ಗಂಟಿನಲ್ಲೂ ಇಪ್ಪತ್ತು. ಕೊನೆಯ ಎರಡು ಗಂಟುಗಳನ್ನು ಆಕೆ ಅಂಗೈ ಒತ್ತಿ ನಿಲ್ಲಿಸಲು ನೋಡಿದ್ದಳು. ಕೈಯ ಒತ್ತಡಕ್ಕೆ ತೂಕ ಇನ್ನಷ್ಟು ತಪ್ಪಾಯಿತು.

‘ಈ ಕೊಕ್ಕೆಯಲ್ಲೇ ಏನೋ ದೋಷ ಇದೆ’ ಎಂದೆ. ಇದನ್ನು ಹೇಳಿದ್ದು ನಾನೇ ಎಂದು ದಾಖಲಿಸುತ್ತೇನೆ.

ಹಿರಿಯರು ಪಕ್ಕದಲ್ಲಿ ಹಳೆಯ ಪ್ರೋಗ್ರಾಮು ಓಡುತ್ತಿದ್ದ ಕಂಪ್ಯೂಟರಿನ ಕಡೆ ಕೈ ತೋರಿಸಿದರು. ಆಕೆ ಅಲ್ಲಿನ ಕೊಕ್ಕೆಗೆ ಗಂಟು ಸಿಕ್ಕಿಸಿ, ಕೈ ಬಿಟ್ಟು ನಿಂತಳು. ಗಂಟು ತೂಗಿತು, ನಿಂತಿತು, ಅಂಕಿ ಬಂತು: ಒಂಬತ್ತು ನಾನೂರು.

ಮೂರು ಸೆಕೆಂಡು.

ಬಿಡುವಿನಲ್ಲಿ ಆ ಚೀಟಿಯ ಮೂಲೆಯಲ್ಲಿರುವ ಸಂಖ್ಯೆ ಯಾವುದೆಂದು ಕೇಳಿದೆ.

‘ನನ್ನ ನಂಬರು. ಯಾರು ತೂಗಿದ್ರೋ ಅವರದ್ದು ಬೀಳುತ್ತೆ. ಒಂದು ಪಾಳಿಯಲ್ಲಿ ಐದು ಚೀಟಿ ಬಂತು ಅಂದ್ರೆ ಮಾರನೇ ದಿನದಿಂದ ಒದ್ದೆ ಕಡೆ. ನನ್ನ ಮಂಡಿ ಆ ನೆಲದಲ್ಲಿ ಒಂದು ವಾರ ನಿಲ್ಲಲ್ಲ ಕಣಮ್ಮ.’

‘ಇವತ್ತಿನ ಹನ್ನೊಂದು?’

‘ಇವತ್ತಿಂದು ಲೆಕ್ಕಕ್ಕಿಲ್ಲ, ಪ್ರಯೋಗ ತಾನೆ! ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ? ಚಹಾ ಕುಡಿ.’

ಹಳೆಯ ಪ್ರೋಗ್ರಾಮನ್ನು ಬರೆದವರು ಇವರೇ ಎಂದು ತಿಳಿದು, ಹೊರಡುವಾಗ ಹಿರಿಯರನ್ನು ಕೇಳಿದೆ: ‘ಕಾರಣ ಯಾಕೆ ಬರೀಲಿಲ್ಲ ನೀವು? ಬರೆದಿದ್ರೆ ನಾನು ತೆಗೀತಿರಲಿಲ್ಲ.’

‘ಬರೆದಿದ್ದೆ. ಹತ್ತು ಸಾಲು. ನಿಮ್ಮ ಹಾಗೇ ಒಬ್ಬ ಬುದ್ಧಿವಂತ ಬಂದು, ಉದ್ದ ಆಯ್ತು ಅಂತ ಅಳಿಸಿದ. ನನ್ನ ಪುಣ್ಯ, ಒಂದು ಪದ ಉಳಿಸಿದ.’

ಎಷ್ಟು ಹೊತ್ತು ಅಲ್ಲಿದ್ದೆನೆಂದು ಬರೆದುಕೊಳ್ಳಲು ಮರೆತಿದ್ದೇನೆ.

ಮಾರ್ಚ್ 20, ಗುರುವಾರ

ಏನೂ ಓದಲಿಲ್ಲ. ಊಟದ ಹೊತ್ತಿನಲ್ಲಿ ನಿನ್ನೆಯ ಸಂಗತಿ ಹೇಳುತ್ತ, ಕೊಕ್ಕೆಯ ದೋಷವೆಂದು ನಾನು ಅಂದದ್ದನ್ನೂ ಹೇಳಿದೆ.

‘ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ’ ಎಂದಳು ಅಜ್ಜಿ, ನೀರು ಕುಡಿಯುವಷ್ಟು ಸಹಜವಾಗಿ. ಅಮ್ಮ ತಟ್ಟೆಯ ಕಡೆ ಮುಖ ಬಗ್ಗಿಸಿ ನಕ್ಕಳು. ಅಜ್ಜಿಯೇ ಮುಂದುವರಿಸಿದಳು:

‘ಹೊಸದ್ರಲ್ಲಿ ನಾನೂ ಹಾಗೇ ಇದ್ದೆ. ಲೈನಲ್ಲಿ ಸದ್ದಿಲ್ಲ ಅಂದ್ರೆ ಮಾತು ಮುಗೀತು ಅಂತ ವೈರು ಎಳೆದುಬಿಡ್ತಿದ್ದೆ. ಆಮೇಲೆ ಗೊತ್ತಾಯ್ತು, ಕೆಲವರು ಅಳೋವಾಗ ಮಾತಾಡಲ್ಲ ಅಂತ.’

ಇದಕ್ಕೂ ಸಂದರ್ಶನಕ್ಕೂ ಸಂಬಂಧವಿಲ್ಲ. ಆದರೂ ಬರೆದಿಟ್ಟಿದ್ದೇನೆ.

ಮಾರ್ಚ್ 24, ಸೋಮವಾರ

ಯಾರೂ ಕೇಳಿರದಿದ್ದರೂ ಹಿರಿಯರ ಅನುಮತಿ ಪಡೆದು ಇಂದು ಮತ್ತೆ ಲಾಂಡ್ರಿಗೆ ಹೋದೆ. ಗಡಿಯಾರ ಹಿಡಿದು ಅರವತ್ತು ಗಂಟುಗಳನ್ನು ಗಮನಿಸಿದೆ. ಗಂಟು ನಿಲ್ಲಲು ಕನಿಷ್ಠ ಎರಡೂಕಾಲು ಸೆಕೆಂಡು, ಗರಿಷ್ಠ ಎರಡೂಮುಕ್ಕಾಲಿಗಿಂತ ತುಸು ಹೆಚ್ಚು ಬೇಕು. ಅಂಕಿ ಸ್ಥಿರವಾದ ಕೂಡಲೆ ಓದುವಂತೆ ಹೊಸದಾಗಿ ಬರೆದು ನೋಡಿದೆ. ಸರಾಸರಿ ಉಳಿದದ್ದು ಅರ್ಧ ಸೆಕೆಂಡಿಗೂ ಕಡಿಮೆ. ಪಕ್ಕದಲ್ಲಿ ತಳ್ಳುಗಾಡಿ ಹಾದುಹೋದರೆ ಕಂಬ ಅಲುಗಿ ಅದೂ ಕೆಡುತ್ತದೆ. ಮೂರು ಎಂಬ ಸಂಖ್ಯೆ ಊಹೆಯಿಂದ ಬಂದದ್ದಲ್ಲ. ಹಿರಿಯರು ಇಲ್ಲಿ ನಿಂತು ಅಳೆದಿದ್ದಾರೆ.

ಆ ಮೂರು ಸೆಕೆಂಡಿನಲ್ಲಿ ತೂಕದ ಅಕ್ಕ ಏನು ಮಾಡುತ್ತಾಳೆಂಬುದನ್ನೂ ಗಮನಿಸಿದೆ. ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾಳೆ. ಮುಂದಿನ ಗಂಟಿಗೆ ಮುನ್ನ ಎಡಗಾಲಿನ ಭಾರವನ್ನು ಬಲಗಾಲಿಗೆ ಬದಲಿಸುತ್ತಾಳೆ. ದಿನಕ್ಕೆ ಐವತ್ತು ನಿಮಿಷ.

‘ಏನೇ, ನನ್ನನ್ನೂ ಬರ್ಕೊಳ್ತಿದ್ದೀಯಾ?’ ಎಂದು ಗದರಿದಳು.

‘ಇಲ್ಲ ಅಕ್ಕ, ಗಂಟನ್ನ.’

‘ಗಂಟಿನ ಮುಖ ಆ ಕಡೆ ಇದೆ, ನೋಡ್ತಿರೋದು ಈ ಕಡೆ. ಸುಳ್ಳು ಹೇಳೋಕೂ ಬರಲ್ವಲ್ಲ ನಿಂಗೆ, ಅದೇನು ಮೊದಲನೇ ನಂಬರು ಅಂತ ಹೊಗಳಿದ್ರೋ ನಿಮ್ಮ ಸಾಹೇಬ್ರು!’

ಆ ಸಾಲನ್ನು ಮರಳಿ ಅದರ ಜಾಗದಲ್ಲಿ ಸೇರಿಸಿ ಪ್ರೋಗ್ರಾಮನ್ನು ಮತ್ತೆ ಕಳುಹಿಸಿದ್ದೇನೆ. ಪಕ್ಕದಲ್ಲಿ ಎರಡು ಪದ ಬರೆದೆ: ‘ಗಂಟು ತೂಗಾಡುತ್ತದೆ.’ ಇಷ್ಟು ಚಿಕ್ಕದನ್ನು ಉದ್ದವಾಯಿತೆಂದು ಯಾರೂ ಅಳಿಸಲಾರರು.

ಮಾರ್ಚ್ 27, ಗುರುವಾರ

ಐದನೆಯ ಸುತ್ತು. ವ್ಯವಸ್ಥಾಪಕರ ಕೋಣೆ: ಗಾಜಿನ ಗೋಡೆ, ಎರಡು ಕುರ್ಚಿ, ಮಣ್ಣು ಒಣಗಿದ ಒಂದು ಹೂಕುಂಡ. ಬಹಳ ಸೌಜನ್ಯದ ಮನುಷ್ಯ. ನಾನು ಕುಳಿತುಕೊಳ್ಳುವ ಮೊದಲೇ ಹೊಗಳಲು ಆರಂಭಿಸಿದರು.

‘ನಿಮ್ಮ ಮೊದಲನೇ ಪ್ರೋಗ್ರಾಮು ಇದೆಯಲ್ಲ, ಲಾಂಡ್ರಿ ಮಾಲೀಕರಿಗೆ ತೋರಿಸ್ದೆ. ತುಂಬಾ ಹಿಡಿಸ್ತು ಅವರಿಗೆ. ದಿನಕ್ಕೆ ಐವತ್ತು ನಿಮಿಷ ಉಳಿಯುತ್ತೆ ಅಂತ ನೀವೇ ಬರೆದಿದ್ರಲ್ಲ, ಅದನ್ನೇ ಹೇಳಿಹೇಳಿ ಖುಷಿಪಟ್ರು.’

‘ಆಮೇಲೆ ಎರಡನೇದು ಕಳಿಸಿದ್ದೆ, ಸರ್. ಮೊದಲನೇದು ತಪ್ಪು. ಅರವತ್ತು ಗಂಟಿನ ಅಳತೆ ಇದರಲ್ಲಿದೆ’ ಎಂದು ಕಾಗದ ಮುಂದಿಟ್ಟೆ.

ಅವರು ಕಾಗದವನ್ನು ಗಮನವಿಟ್ಟೇ ಓದಿದರು. ಅದನ್ನು ಒಪ್ಪಿಕೊಳ್ಳಬೇಕು.

‘ಸರಿಯಾಗಿದೆ. ಒಪ್ತೀನಿ. ಆದ್ರೆ ತೂಕ ತಪ್ಪಾದ್ರೆ ಗಂಟು ಬಿಚ್ಚಿ ಎಣಿಸ್ತಾರೆ, ಅಷ್ಟೇ ತಾನೆ? ಅದಕ್ಕೆ ಜನ ಇದ್ದಾರೆ.’

‘ಆಗ ಚೀಟಿ ತೂಗಿದವರ ನಂಬರಲ್ಲಿ ಬರುತ್ತೆ. ಐದಾದ್ರೆ ಒದ್ದೆ ಕಡೆ ಕಳಿಸ್ತಾರೆ.’

‘ಅದು ಲಾಂಡ್ರಿಯವರ ಆಡಳಿತ. ನಮ್ಮ ಪ್ರೋಗ್ರಾಮಿಗೆ ಬರಲ್ಲ.’

‘ಆ ನಂಬರನ್ನ ಮುದ್ರಿಸೋದೇ ನಮ್ಮ ಪ್ರೋಗ್ರಾಮು, ಸರ್. ಹಳೇದರಲ್ಲಿ ಇನ್ನೂರ ಆರನೇ ಸಾಲು.’

ಅವರು ನಕ್ಕು, ನನ್ನ ನೆನಪಿನ ಶಕ್ತಿಯನ್ನು ಮೆಚ್ಚಿ, ಬೇರೆ ಪ್ರಶ್ನೆಗೆ ಹೋದರು. ಉಳಿದ ಪ್ರಶ್ನೆಗಳನ್ನು ಇಲ್ಲಿ ದಾಖಲಿಸುತ್ತಿಲ್ಲ. ಎಲ್ಲಕ್ಕೂ ಉತ್ತರ ಗೊತ್ತಿತ್ತು.

ಮಾರ್ಚ್ 31, ಸೋಮವಾರ

ಆಯ್ಕೆಯಾಗಿದ್ದೇನೆ.

ಪತ್ರ ಬೆಳಿಗ್ಗೆ ಬಂತು. ಅಮ್ಮ ಚಿಕಿತ್ಸಾಲಯದಲ್ಲಿದ್ದಳು, ಫೋನಿನಲ್ಲಿ ಹೇಳಿದೆ. ಆಕೆ ಏನೂ ಮಾತನಾಡಲಿಲ್ಲ. ಹಿಂದೆ ಯಾರದೋ ಹಲ್ಲು ಕೊರೆಯುವ ಸದ್ದು ಮಾತ್ರ ಕೇಳುತ್ತಿತ್ತು. ನಾನು ಫೋನು ಇಡಲಿಲ್ಲ.

ಪತ್ರದ ಎರಡನೆಯ ಪುಟದಲ್ಲಿ ಮೊದಲ ವಾರದ ಕೆಲಸವನ್ನು ನಮೂದಿಸಿದ್ದಾರೆ: ತೂಕದ ಪ್ರೋಗ್ರಾಮಿನಿಂದ ಮೂರು ಸೆಕೆಂಡಿನ ಸಾಲನ್ನು ತೆಗೆದು ಲಾಂಡ್ರಿಯಲ್ಲಿ ಜಾರಿಗೆ ತರುವುದು. ಕೂಡಲೆ ವ್ಯವಸ್ಥಾಪಕರಿಗೆ ಫೋನು ಮಾಡಿ, ಬೇರೆ ಯಾವ ಕೆಲಸದಿಂದಲಾದರೂ ಆರಂಭಿಸಬಹುದೇ ಎಂದು ಕೇಳಿದೆ. ‘ಮೊದಲು ಇದು. ಉಳಿದಿದ್ದು ಆಮೇಲೆ’ ಎಂದರು, ಅದೇ ಸೌಜನ್ಯದಿಂದ. ಬುಧವಾರದೊಳಗೆ ಉತ್ತರ ಬೇಕಂತೆ.

ಸಂಜೆ ಹಿರಿಯ ಪ್ರೋಗ್ರಾಮರನ್ನೂ ಕೇಳಿದೆ.

‘ನನಗೂ ಹೇಳಿದ್ರು. ಎರಡು ಸಲ ಆಗಲ್ಲ ಅಂದೆ. ಮೂರನೇ ಸಲ ನನ್ನನ್ನ ಗೋದಾಮಿನ ಕೆಲಸಕ್ಕೆ ಹಾಕಿದ್ರು. ಈ ಜಾಗ ಖಾಲಿ ಆಗಿದ್ದು ಹಾಗೆ.’

‘ನಾನೇನು ಮಾಡಲಿ ಸರ್?’

‘ಅದು ನನಗೆ ಗೊತ್ತಿಲ್ಲ’ ಎಂದವರೇ, ‘ನೋಡಿ, ನಿಮಗೆ ಕೇಳಿದ್ದ ಹನ್ನೊಂದನೇ ಪ್ರಶ್ನೆಗೆ ಈಗ ನಾನೇ ಉತ್ತರ ಕೊಟ್ಟೆ’ ಎಂದರು.

ಏಪ್ರಿಲ್ 1, ಮಂಗಳವಾರ

ಪಾಳಿ ಬಿಡುವ ಹೊತ್ತಿಗೆ ಲಾಂಡ್ರಿಯ ಗೇಟಿನ ಬಳಿ ನಿಂತಿದ್ದೆ. ಅಕ್ಕ ಬಂದಳು, ಕೆಲಸ ಸಿಕ್ಕಿತೆಂದು ಹೇಳುವ ಮೊದಲೇ ನನ್ನ ಮುಖ ನೋಡಿ ತಿಳಿದುಕೊಂಡಳು. ಮೊದಲ ವಾರದ ಕೆಲಸ ಏನೆಂಬುದನ್ನೂ ಹೇಳಿದೆ. ಆಕೆ ಚೀಲವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಿಸಿದಳು.

‘ಸೇರ್ಕೊ’ ಎಂದಳು. ‘ನೀನು ಬರೆಯದಿದ್ರೆ ಇನ್ನೊಬ್ಬರು ಬರೀತಾರೆ. ನನ್ನ ಮಂಡಿಗೋಸ್ಕರ ನೀನ್ಯಾಕೆ ಮನೇಲಿ ಕೂರ್ತೀಯ? ನಿಮ್ಮಮ್ಮ ಏನಂತಾಳೆ?’

‘ಕೆಲಸ ಸಿಕ್ಕಿದ್ದು ಗೊತ್ತು. ಇದನ್ನ ಇನ್ನೂ ಹೇಳಿಲ್ಲ.’

‘ಹೇಳು ಮತ್ತೆ. ನನ್ನ ಹತ್ರ ಯಾಕೆ ಬಂದೆ? ನಾನೇನು ನಿಂಗೆ ಅಂಕ ಕೊಡಬೇಕಾ?’

ಬಸ್ಸು ಬಂತು. ಹತ್ತುವಾಗ ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತಳು, ಎಡಗಾಲಿನ ಭಾರವನ್ನು ಬಲಗಾಲಿಗೆ ಬದಲಿಸಲು. ಹಿಂದಿದ್ದವನು ‘ಬೇಗ ಬೇಗ’ ಎಂದ.

ಮನೆಯಲ್ಲಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಮೂರನೆಯ ನಿರಾಕರಣೆಯನ್ನೂ ಸೇರಿಸಿ.

‘ಅದು ಗೊತ್ತಿತ್ತು. ಆ ದಿನ ನೀನು ಎರಡು ಸಲ ಸ್ನಾನ ಮಾಡಿದ್ದೆ’ ಎಂದಳು. ಆಮೇಲೆ ಬಹಳ ಹೊತ್ತು ಬಾಗಿಲ ಬಳಿಯ ಚಪ್ಪಲಿಗಳನ್ನು ಜೋಡಿಸುತ್ತ ಇದ್ದಳು. ‘ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರಂತೆ ಅಂತಾರೆ ಜನ. ನಾಳೆ ನನ್ನನ್ನ ಕೇಳ್ತಾರೆ. ಏನು ಹೇಳಲಿ ಅವರಿಗೆಲ್ಲ?’

ಅಜ್ಜಿ ಒಳಗಿನಿಂದಲೇ ಕೂಗಿದಳು: ‘ಬಾಯಿ ತೆರೀರಿ, ಹಲ್ಲು ನೋಡಬೇಕು ಅನ್ನು!’

ಅಮ್ಮ ನಗಬಾರದೆಂದೇ ನಿಂತಿದ್ದಳು. ಆದರೂ ನಕ್ಕಳು. ಅನಂತರ ನನ್ನ ಕಡೆ ನೋಡದೆ, ‘ಬೆಳಿಗ್ಗೆ ಎಬ್ಬಿಸಬೇಕಾ, ಬೇಡ್ವಾ?’ ಎಂದು ಕೇಳಿದಳು.

‘ಎಬ್ಬಿಸು. ಒಂದು ಪತ್ರ ಬರೆಯೋದಿದೆ.’

ಏಪ್ರಿಲ್ 2, ಬುಧವಾರ

ಮೊದಲ ಕರಡು ಒಂದೂವರೆ ಪುಟವಾಯಿತು. ಅರವತ್ತು ಗಂಟಿನ ಅಳತೆ, ಚೀಟಿಗಳ ಲೆಕ್ಕ, ಏಳು ಕಾರಣಗಳು ಕ್ರಮಸಂಖ್ಯೆಯೊಂದಿಗೆ. ಓದಿ ನೋಡಿದೆ, ದೋಷವಿರಲಿಲ್ಲ. ಎಲ್ಲವನ್ನೂ ವ್ಯವಸ್ಥಾಪಕರು ಆ ಕೋಣೆಯಲ್ಲಿ ಆಗಲೇ ಓದಿ, ಸರಿಯೆಂದು ಒಪ್ಪಿದ್ದಾರೆ. ಅಳಿಸಿದೆ.

ಹತ್ತು ಗಂಟೆಗೆ ಕಳುಹಿಸಿದ ಉತ್ತರ, ದಾಖಲೆಗಾಗಿ:

ಆ ಸಾಲನ್ನು ನಾನು ತೆಗೆಯುವುದಿಲ್ಲ. ಕೆಲಸಕ್ಕೆ ಸೇರುವುದಿಲ್ಲ.